ಹೊತ್ತು ಏರಿಸುವುದು ಉಪಕಾರವಲ್ಲ

ಕಳೆದ ರಾಜ್ಯೋತ್ಸವದ ಸಂಜೆ ನಮ್ಮನ್ನು ಉತ್ಸವಮೂರ್ತಿಯಂತೆ ಹೊತ್ತು ಸಭಾಗೃಹಕ್ಕೆ ಏರಿಸಲಾಯಿತು. ಹದಿನಾಲ್ಕು ಮೆಟ್ಟಿಲು, ನಾಲ್ವರು ತರುಣರು, ನಡುವೆ ಗಾಲಿಕುರ್ಚಿ. ಏಳನೆಯ ಮೆಟ್ಟಿಲಲ್ಲಿ ಒಬ್ಬನ ಕೈ ಜಾರಿ ಕುರ್ಚಿ ವಾಲಿತು. ಪುಣ್ಯಕ್ಕೆ ಬೀಳಲಿಲ್ಲ. ಮೇಲೆ ತಲುಪಿದಾಗ ಚಪ್ಪಾಳೆ. ಮೈಕಿನಲ್ಲಿ ತರುಣರ ಸೇವಾಮನೋಭಾವಕ್ಕೆ ಪ್ರಶಂಸೆ. ಆ ಹುಡುಗರ ಮೇಲೆ ನಮ್ಮ ದೂರಿಲ್ಲ, ಅವರು ಚೆನ್ನಾಗಿರಲಿ. ಆದರೆ ಅಷ್ಟು ಜನ ಸಭಿಕರಲ್ಲಿ ಒಬ್ಬರಾದರೂ ಕೇಳಬಾರದಿತ್ತೇ, ಇಲ್ಲೊಂದು ಇಳಿಜಾರು ದಾರಿ ಯಾಕಿಲ್ಲ ಎಂದು?

ನಾವೆಂದರೆ ಕಾಮೋಠೆಯ ಒಂದು ಕನ್ನಡ ಸಂಸಾರ. ಕುರ್ಚಿಯಲ್ಲಿ ಕುಳಿತವರೊಬ್ಬರು, ತಳ್ಳುವವರೊಬ್ಬರು. ರೋಗದ ಹೆಸರು ಮಲ್ಟಿಪಲ್ ಸ್ಕ್ಲೀರೋಸಿಸ್. ವಿದ್ಯುತ್ ತಂತಿಯ ಮೇಲೆ ರಬ್ಬರಿನ ಹೊದಿಕೆ ಇರುವಂತೆ ನಮ್ಮ ನರಗಳ ಮೇಲೂ ಒಂದು ಹೊದಿಕೆಯುಂಟು. ದೇಹದ ರಕ್ಷಣಾ ವ್ಯವಸ್ಥೆಯೇ ಅದನ್ನು ಶತ್ರುವೆಂದು ಬಗೆದು ಕೆಡಿಸುತ್ತದೆ. ಮಿದುಳಿನ ಆಜ್ಞೆ ಕಾಲಿಗೆ ತಡವಾಗಿ ಮುಟ್ಟುತ್ತದೆ, ಕೆಲವೊಮ್ಮೆ ಮುಟ್ಟುವುದೇ ಇಲ್ಲ. ಫ್ರಾನ್ಸಿನ ವೈದ್ಯ ಶಾರ್ಕೋ ಇದನ್ನು 1868ರಲ್ಲೇ ವಿವರಿಸಿದ್ದ. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತದೆ. ಅಂಟುರೋಗವಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನೆರೆಮನೆಯ ಲೋಟ ಮಾತ್ರ ಬೇರೆಯಾಗಿಯೇ ಬರುತ್ತದೆ.

ಈ ರೋಗಕ್ಕೆ ಏರಿಳಿತ ಹೆಚ್ಚು. ಕೆಲವು ದಿನ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡಬಹುದು. ಮರುದಿನ ಚಮಚ ಎತ್ತಲಾಗದು. ಮೈ ಬಿಸಿಯಾದರಂತೂ ಲಕ್ಷಣಗಳು ಕೆರಳುತ್ತವೆ. ಹಿಂದೆ ರೋಗಿಯನ್ನು ಬಿಸಿನೀರಿನಲ್ಲಿ ಕೂರಿಸಿ ಇದನ್ನು ಪತ್ತೆಹಚ್ಚುತ್ತಿದ್ದ ಕಾಲವೂ ಇತ್ತು. ನಮಗೆ ಆ ಪರೀಕ್ಷೆ ಪ್ರತಿ ಮೇ ತಿಂಗಳೂ ಮನೆಯಲ್ಲೇ ನಡೆಯುತ್ತದೆ! ಕರೆಂಟು ಹೋಗಿ ಫ್ಯಾನು ನಿಂತರೆ ಕೈಕಾಲೂ ನಿಂತಂತೆ. ಇದನ್ನರಿಯದ ಬಂಧುಗಳು, “ನಿನ್ನೆ ನಡೆದಾಡುತ್ತಿದ್ದವರಿಗೆ ಇವತ್ತೇನು ನಾಟಕ?” ಎನ್ನುತ್ತಾರೆ. ಊರಿನಿಂದ ಬಂದವರು ನಾಗದೋಷ ನೋಡಿಸಿದಿರಾ ಎಂದು ಕೇಳುತ್ತಾರೆ. ಅವರವರ ನಂಬಿಕೆ ಅವರಿಗೆ. ಆದರೆ ನಮ್ಮನ್ನು ದಿನನಿತ್ಯ ಕಾಡುವ ದೋಷ ಸಿಮೆಂಟಿನದು.

ನಮ್ಮ ಕಟ್ಟಡದಲ್ಲಿ ಲಿಫ್ಟ್ ಇದೆ. ಆದರೆ ಅಂಗಳದಿಂದ ಲಿಫ್ಟಿಗೆ ಹೋಗಲು ಮೂರು ಮೆಟ್ಟಿಲು, ಒಂದೊಂದು ಆರಂಗುಲ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕೆಂಬುದು ಲೆಕ್ಕ. ಒಂದೂವರೆ ಅಡಿಗೆ ಹದಿನೆಂಟಡಿ. ಸೊಸೈಟಿಯ ಸಭೆಯಲ್ಲಿ ಕೇಳಿದೆವು. ಎರಡು ಸ್ಕೂಟರಿನ ಜಾಗ ಹೋಗುತ್ತದೆಂದು ಬೇಡವೆಂದರು. ಸ್ಕೂಟರುಗಳು ಒಳಗೆ ನೆಮ್ಮದಿಯಾಗಿ ನಿಂತಿವೆ. ನಾವು ಮಾನಸರೋವರ ಸ್ಟೇಷನ್ನಿನ ಕಡೆ ಗಾಳಿಗೆ ಹೋಗಬೇಕಾದರೂ ವಾಚ್‌ಮನ್ನನ ಬಿಡುವು ನೋಡಿ ಹೊರಡಬೇಕು.

ಇದು ನೆರೆಯವರ ಮಾತಾಯಿತು. ನಮ್ಮವರ ಮಾತೇನು? ಅಂದಿನ ಸಭಾಗೃಹದ ಶೌಚಾಲಯದ ಬಾಗಿಲು ಎರಡಡಿ. ನಮ್ಮ ಕುರ್ಚಿ ಎರಡೂಕಾಲಡಿ. ಈ ರೋಗದಲ್ಲಿ ಮೂತ್ರ ತಡೆಯುವ ಶಕ್ತಿ ಕಡಿಮೆ. ಹಾಗಾಗಿ ಬೆಳಗಿನಿಂದ ನೀರು ಮುಟ್ಟದೆ ಬಂದಿದ್ದೆವು. ವೇದಿಕೆಯ ಮೇಲೆ ಕನ್ನಡಮ್ಮನ ಮಡಿಲಲ್ಲಿ ಎಲ್ಲರಿಗೂ ಜಾಗವಿದೆ ಎಂದು ಭಾಷಣವಾಗುತ್ತಿತ್ತು. ನಮ್ಮ ಗಂಟಲು ಒಣಗಿತ್ತು, ಚಪ್ಪಾಳೆ ತಟ್ಟಿದೆವು.

“ಒಬ್ಬಿಬ್ಬರಿಗಾಗಿ ಇಷ್ಟು ಖರ್ಚೇ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಸ್ವಾಮೀ, ಒಬ್ಬಿಬ್ಬರೆಂದು ಎಣಿಸಿದವರು ಯಾರು? ಬರಲಾಗದವರು ಹಾಜರಿ ಪುಸ್ತಕದಲ್ಲಿ ಸಿಗುವುದಿಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಈ ನಗರದಲ್ಲಿ ಕನ್ನಡ ಸಂಘಗಳನ್ನು ಕಟ್ಟಿದ ಹಿರಿಯರು ಈಗ ಮಂಡಿನೋವಿನಿಂದ ಮನೆಯಲ್ಲೇ ಕುಳಿತಿದ್ದಾರೆ. ಅವರು ಕಟ್ಟಿದ ಸಂಘಕ್ಕೆ ಅವರಿಗೇ ಪ್ರವೇಶವಿಲ್ಲ.

ಇನ್ನು ಕಾನೂನು. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ನಮ್ಮ ರೋಗದ ಹೆಸರೇ ಇರಲಿಲ್ಲ. 2016ರ ಕಾಯಿದೆ ಅದನ್ನು 21 ವೈಕಲ್ಯಗಳಲ್ಲಿ ಸೇರಿಸಿತು. ಸಾರ್ವಜನಿಕ ಕಟ್ಟಡವೆಂದರೆ ಸರಕಾರದ್ದು ಮಾತ್ರವಲ್ಲ. ಜನರು ಬಳಸುವ ಖಾಸಗಿ ಕಟ್ಟಡವೂ, ಧಾರ್ಮಿಕ, ಸಾಂಸ್ಕೃತಿಕ ಕಾರ್ಯ ನಡೆಯುವ ಜಾಗವೂ ಅದರಲ್ಲಿ ಬರುತ್ತದೆ. ನಿಯಮ ಹೊರಟದ್ದು 2017ರಲ್ಲಿ, ಹಳೆಯ ಕಟ್ಟಡಗಳಿಗೆ ಕೊಟ್ಟ ಗಡುವು ಐದು ವರ್ಷ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ನಿಯಮಗಳು ಬರಿಯ ಸಲಹೆಯಾಗಿರಕೂಡದು, ಕಡ್ಡಾಯವಾಗಬೇಕು ಎಂದಿತು. ನಮ್ಮ ಸಭಾಗೃಹಗಳೂ ಭಜನಾ ಮಂದಿರಗಳೂ ಈ ಮಾತಿನ ಹೊರಗಿಲ್ಲ.

1959ರಲ್ಲಿ, ಇಂಥ ಕಾನೂನೊಂದೂ ಇಲ್ಲದ ಕಾಲದಲ್ಲಿ, ಪೋಲಿಯೋದಿಂದ ಗಾಲಿಕುರ್ಚಿ ಹಿಡಿದಿದ್ದ ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಒಂದು ಸಂಸ್ಥೆಯನ್ನೇ ಕಟ್ಟಿದರು. ನಮಗೆ ಸಂಸ್ಥೆ ಕಟ್ಟಿ ಎನ್ನುತ್ತಿಲ್ಲ. ಒಂದು ಇಳಿಜಾರು ಕಟ್ಟಿರಿ, ಒಂದು ಬಾಗಿಲನ್ನು ಮೂರಡಿ ಮಾಡಿರಿ. ಅದಾಗುವವರೆಗೆ ಕಾರ್ಯಕ್ರಮವನ್ನು ನೆಲಮಟ್ಟದ ಜಾಗದಲ್ಲಿ ಇಟ್ಟುಕೊಳ್ಳಿರಿ. ಈ ಸಲದ ವಾರ್ಷಿಕ ಸಭೆಯ ವಿಷಯಪಟ್ಟಿಯಲ್ಲಿ, ಸನ್ಮಾನದ ಶಾಲುಗಳ ಖರ್ಚಿಗಿಂತ ಮೊದಲು, ಈ ಖರ್ಚನ್ನು ಬರೆಯಿರಿ.

ಮುಂದಿನ ರಾಜ್ಯೋತ್ಸವಕ್ಕೂ ನಾವು ಬರುತ್ತೇವೆ. ಮೆಟ್ಟಿಲುಗಳು ಹಾಗೆಯೇ ಇದ್ದರೆ ಹೊರಲು ಯಾರೂ ಬರುವುದು ಬೇಡ, ನಾವು ಕೆಳಗೇ ಇರುತ್ತೇವೆ. ನಾಡಗೀತೆ ಕೇಳಿಸಿದಾಗ ಅಲ್ಲಿಂದಲೇ ದನಿಗೂಡಿಸುತ್ತೇವೆ. ಮೇಲಿರುವವರು ಒಮ್ಮೆ ಕೆಳಗೆ ನೋಡಿದರೆ ಸಾಕು.