ಚಿಪ್ ನೀವೇ ಬದಲಿಸಿ ಅನ್ನೋರು ಹೊಸ ಲ್ಯಾಪ್‌ಟಾಪ್ ಕೊಡಿಸ್ತಾರಾ?

ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲವೇ? ಸೆಕೆಂಡ್ ಹ್ಯಾಂಡ್ ತಂದದ್ದು ಬಯೋಸ್ ಪಾಸ್‌ವರ್ಡ್ ಕೇಳುತ್ತಿದೆಯೇ? ಚಿಪ್ ತರಿಸಿ ಮನೆಯಲ್ಲೇ ಹಾಕಿಕೊಳ್ಳಿ, ಐದು ನಿಮಿಷದ ಕೆಲಸ ಎಂದು ಹೇಳುವ ವಿಡಿಯೋಗಳಿಗೆ ಬರವಿಲ್ಲ. ಹೇಳುವವನ ಟೇಬಲ್ ಮೇಲೆ ಇನ್ನೂ ನಾಲ್ಕು ಲ್ಯಾಪ್‌ಟಾಪ್ ಇರುತ್ತವೆ. ನೋಡುವ ನಮ್ಮ ಹುಡುಗರ ಮನೆಯಲ್ಲಿ ಇರುವುದು ಒಂದೇ. ಅದಕ್ಕೂ ಸಂಘದ ಸಾಲದ ಕಂತು ಬಾಕಿ.

ಬಯೋಸ್ ಅಂದರೆ ಏನು? ಪವರ್ ಬಟನ್ ಒತ್ತಿದ ಕೂಡಲೇ, ವಿಂಡೋಸ್ ಬರುವ ಮೊದಲೇ ಯಂತ್ರವನ್ನು ಎಬ್ಬಿಸುವ ಪ್ರೋಗ್ರಾಂ. ಅದು ಇರುವುದು ಮದರ್‌ಬೋರ್ಡ್ ಮೇಲಿನ ತೊಗರಿಕಾಳಿನಷ್ಟು ಚಿಪ್‌ನಲ್ಲಿ. ಸಾಮಾನ್ಯವಾಗಿ ಎಂಟು ಕಾಲು. ಒಂದು ಮೂಲೆಯಲ್ಲಿ ಸಣ್ಣ ಚುಕ್ಕಿ. ಆ ಚುಕ್ಕಿ ನೋಡದೆ ತಿರುವುಮುರುವು ಬೆಸುಗೆ ಹಾಕಿದರೆ ಚಿಪ್ ಸುಡುತ್ತದೆ, ಜೊತೆಗೆ ಬೋರ್ಡೂ ಹಾಳಾಗಬಹುದು. ಕೆಲವು ಚಿಪ್‌ಗೆ 3.3 ವೋಲ್ಟ್ ಬೇಕು, ಕೆಲವಕ್ಕೆ 1.8 ವೋಲ್ಟ್ ಮಾತ್ರ. ಅಗ್ಗದ ಪ್ರೋಗ್ರಾಮರ್ ಸಾಧನಕ್ಕೆ ಈ ವ್ಯತ್ಯಾಸ ತಿಳಿಯದು. ವಿಡಿಯೋದಲ್ಲಿ ಅದನ್ನು ಹೇಳುವವರೂ ಕಡಿಮೆ.

ಬೆಸುಗೆ ಸರಿಯಾಗಿಯೇ ಬಿತ್ತು ಅನ್ನಿ. ಹಳೇ ಚಿಪ್ಪಿನಲ್ಲಿ ನಿಮ್ಮ ಯಂತ್ರದ ಸೀರಿಯಲ್ ನಂಬರ್, ಹಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಕೀ ಕೂಡ ಇರುತ್ತದೆ. ಅದನ್ನು ನಕಲು ಮಾಡಿಕೊಳ್ಳದೆ ಕಿತ್ತೆಸೆದರೆ ದುಡ್ಡು ಕೊಟ್ಟು ಪಡೆದ ವಿಂಡೋಸ್ ಪರವಾನಗಿಯೂ ಹೋಗಬಹುದು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಇನ್ನೂ ಕಷ್ಟ. ಬಯೋಸ್ ಬದಲಾಗಿದ್ದು ಕಂಡರೆ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಮಗಳ ಪ್ರಾಜೆಕ್ಟ್, ಮನೆಯ ಫೋಟೋ, ಜಮೀನಿನ ದಾಖಲೆಗಳ ಸ್ಕ್ಯಾನ್ ಎಲ್ಲಕ್ಕೂ ಎಳ್ಳುನೀರು.

ಇನ್ನು ಆನ್‌ಲೈನ್‌ನಲ್ಲಿ ಬರುವ ಚಿಪ್‌ನೊಳಗೆ ಏನು ತುಂಬಿದ್ದಾರೆ ಎಂದು ನೋಡಿದವರು ಯಾರು? 2018ರಲ್ಲಿ ಈಸೆಟ್ ಎಂಬ ಭದ್ರತಾ ಸಂಸ್ಥೆ 'ಲೋಜಾಕ್ಸ್' ಎಂಬ ಕಳ್ಳ ಪ್ರೋಗ್ರಾಂ ಪತ್ತೆ ಮಾಡಿತು. ಅದು ಅಡಗಿ ಕೂರುತ್ತಿದ್ದುದು ಇದೇ ಚಿಪ್‌ನಲ್ಲಿ. ವಿಂಡೋಸ್ ಹೊಸದಾಗಿ ಹಾಕಿದರೂ, ಹಾರ್ಡ್‌ಡಿಸ್ಕ್ ಬದಲಿಸಿದರೂ ಅದು ಹೋಗುತ್ತಿರಲಿಲ್ಲ. ಅಂಥ ಜಾಗಕ್ಕೆ ಗುರುತು ಪರಿಚಯವಿಲ್ಲದವರು ತುಂಬಿಕೊಟ್ಟ ಚಿಪ್ ಕೂರಿಸಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತುತ್ತೀರಾ?

ಹಾಗಂತ ತಪ್ಪೆಲ್ಲ ಹುಡುಗರದ್ದು ಎಂದು ಕಂಪನಿಗಳು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. 1987ರಲ್ಲಿ ಬಂದ ಕಮೊಡೋರ್ ಕಂಪನಿಯ ಅಮಿಗಾ 500 ಕಂಪ್ಯೂಟರ್‌ನಲ್ಲಿ ಆಪರೇಟಿಂಗ್ ಸಿಸ್ಟಂನ ತಿರುಳೇ ಒಂದು ರಾಮ್ (ROM) ಚಿಪ್‌ನಲ್ಲಿತ್ತು. ಅದು ಸಾಕೆಟ್‌ನಲ್ಲಿ ಕೂತಿತ್ತು. ಹೊಸ ಆವೃತ್ತಿ ಬಂದಾಗ ಜನರೇ ಹಳೇ ಚಿಪ್ ಎತ್ತಿ ಹೊಸದು ಕೂರಿಸುತ್ತಿದ್ದರು. ಆಗಲೂ ಕಾಲು ಬಾಗಿಸಿಕೊಂಡವರಿದ್ದರು, ಕೆಲವು ಬೋರ್ಡ್‌ಗೆ ಒಂದು ತಂತಿ ಹೆಚ್ಚುವರಿ ಎಳೆಯಬೇಕಿತ್ತು. ಆದರೂ ಸರಿಹೋಗದಿದ್ದರೆ ಹಳೇ ಚಿಪ್ ವಾಪಸ್ ಹಾಕಬಹುದಿತ್ತು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಚಿಪ್ಪಿಗೆ ಸಾಮಾನ್ಯವಾಗಿ ಸಾಕೆಟ್ಟೇ ಇಲ್ಲ, ನೇರ ಬೆಸುಗೆ. ಉಪಾಯ ಗೊತ್ತಿಲ್ಲವೇ? ಗೊತ್ತಿದೆ. ಗಿಗಾಬೈಟ್ ಕಂಪನಿ ತನ್ನ ಹಲವು ಮದರ್‌ಬೋರ್ಡ್‌ಗಳಲ್ಲಿ ಎರಡು ಬಯೋಸ್ ಚಿಪ್ ಇಟ್ಟಿತು, ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡಲಿ ಎಂದು. ಇಂಥ ಏರ್ಪಾಡು ನಾವು ಕೊಳ್ಳುವ ಅಗ್ಗದ ಲ್ಯಾಪ್‌ಟಾಪ್‌ಗೂ ಯಾಕೆ ಬೇಡ?

ಸರ್ವಿಸ್ ಸೆಂಟರ್ ಇರುವುದು ಜಿಲ್ಲಾ ಕೇಂದ್ರದಲ್ಲಿ, ಇಲ್ಲವೇ ಬೆಂಗಳೂರಿನಲ್ಲಿ. ಹೋದರೆ ಪೂರ್ತಿ ಬೋರ್ಡ್ ಬದಲಿಸಿ ಎನ್ನುತ್ತಾರೆ. ಒಂದು ಚಿಪ್ಪಿನ ತೊಂದರೆಗೆ ಅರ್ಧ ಲ್ಯಾಪ್‌ಟಾಪ್‌ನ ಬೆಲೆ ಕೇಳಿದರೆ ಹುಡುಗ ವಿಡಿಯೋ ನೋಡದೆ ಇನ್ನೇನು ಮಾಡುತ್ತಾನೆ? ಕೇಂದ್ರ ಸರ್ಕಾರ 2022ರಲ್ಲಿ 'ರೈಟ್ ಟು ರಿಪೇರ್' ಸಮಿತಿ ಮಾಡಿತು, ಪೋರ್ಟಲ್ಲೂ ತೆರೆಯಿತು. ಪೋರ್ಟಲ್ ಸಾಲದು. ಬಿಡಿಭಾಗ, ಮೂಲ ಬಯೋಸ್ ಫೈಲ್, ರಿಪೇರಿ ಕೈಪಿಡಿ ತಾಲ್ಲೂಕಿನ ಅಂಗಡಿಯವನಿಗೂ ಸಿಗಬೇಕು ಎಂದು ಕಾನೂನೇ ಹೇಳಬೇಕು.

ಅಲ್ಲಿಯವರೆಗೆ ಇಷ್ಟು ಮಾಡಿ. ವಾರಂಟಿ ಇದ್ದರೆ ಸ್ಕ್ರೂ ಮುಟ್ಟಬೇಡಿ. ಬಯೋಸ್ ಅಪ್‌ಡೇಟ್ ಕಂಪನಿಯ ವೆಬ್‌ಸೈಟ್‌ನಿಂದ ಮಾತ್ರ ಮಾಡಿ, ಅದೂ ಚಾರ್ಜರ್ ಹಾಕಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಬೇಡವೇ ಬೇಡ. ಅರ್ಧದಲ್ಲಿ ಕರೆಂಟ್ ಹೋದರೆ ಯಂತ್ರ ಎದ್ದೇಳದಿರಬಹುದು. ಅಂಗಡಿಗೆ ಕೊಟ್ಟರೆ ಮೊದಲು ಹಳೇ ಚಿಪ್ಪಿನ ಬ್ಯಾಕಪ್ ತೆಗೆಸಿ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ಬಿಲ್ ಕೇಳಿ. ಬಯೋಸ್ ಪಾಸ್‌ವರ್ಡ್ ಇರುವ ಹಳೇ ಲ್ಯಾಪ್‌ಟಾಪ್ ಕೊಳ್ಳಲೇಬೇಡಿ, ಅದು ಕದ್ದ ಮಾಲೂ ಆಗಿರಬಹುದು. ಕಂಪನಿ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ. ನಾಲ್ಕು ಜನ ಬೈದುಕೊಂಡು ಸುಮ್ಮನಾದರೆ ಯಾವ ಕಂಪನಿಗೂ ಬಿಸಿ ತಟ್ಟುವುದಿಲ್ಲ. ದೂರು ದಾಖಲಾಗಬೇಕು.