ಆಟ ಮುಗಿದ ಮೇಲೆ

ಊರಿನ ಚದುರಂಗ ಸಂಘಗಳಲ್ಲಿ ಪಂದ್ಯ ಮುಗಿದೊಡನೆ ಸೋತವನು ಕಾಯಿಗಳನ್ನು ಪೆಟ್ಟಿಗೆಗೆ ತುಂಬಿ ಎದ್ದುಹೋಗುವುದುಂಟು. ಇದು ತರವಲ್ಲ. ಆಡಿದವರಿಬ್ಬರೂ ಕುಳಿತು ನಡೆಗಳನ್ನು ಮರಳಿ ಪರಿಶೀಲಿಸಿದಾಗಲೇ ಆಟದ ಪೂರ್ಣ ಪ್ರಯೋಜನ ದೊರೆಯುವುದೆಂದು ನನ್ನ ಅಭಿಪ್ರಾಯ.

ಸೋತವನ ಕಣ್ಣಿಗೆ ಸಾಮಾನ್ಯವಾಗಿ ಕೊನೆಯ ತಪ್ಪೊಂದೇ ಬೀಳುತ್ತದೆ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಮುಗಿದ ವಿಶ್ವ ಚಾಂಪಿಯನ್ ಪಟ್ಟದ ಸ್ಪರ್ಧೆಯ 14ನೆಯ ಆಟವನ್ನು ನೋಡಿರಿ. ಚೀನದ ಡಿಂಗ್ ಲಿರೆನ್ ತಮ್ಮ 55ನೆಯ ನಡೆಯಲ್ಲಿ ಆನೆಯನ್ನು ಎದುರಾಳಿಯ ಆನೆಗೆ ಎದುರಾಗಿ ನಿಲ್ಲಿಸಿದರು. ಆನೆಗಳೆರಡೂ ಹೋದವು. ಮೂಲೆಯ ಮನೆಯಲ್ಲಿದ್ದ ಅವರ ಒಂಟೆಗೂ ವಿನಿಮಯ ತಪ್ಪಲಿಲ್ಲ. ಉಳಿದವರು ರಾಜರು ಮತ್ತು ಕಾಲಾಳುಗಳು ಮಾತ್ರ. ಒಂದು ಕಾಲಾಳು ಹೆಚ್ಚಾಗಿದ್ದ ಭಾರತದ ಗುಕೇಶ್ ಗೆದ್ದು, 18ನೆಯ ವಯಸ್ಸಿನಲ್ಲೇ ವಿಶ್ವವಿಜೇತರಾದರು. ತಪ್ಪಿದ್ದು ಆನೆಯ ನಡೆ. ಅದನ್ನು ಮಾರಕವಾಗಿಸಿದ್ದು ಮೂಲೆಯ ಒಂಟೆ. ಈ ಸಂಬಂಧವನ್ನು ಗುರುತಿಸುವುದೇ ವಿಮರ್ಶೆ.

ಇಂದು ಗಣಕಯಂತ್ರವು ತಪ್ಪು ನಡೆಯನ್ನು ಕ್ಷಣಮಾತ್ರದಲ್ಲಿ ತೋರಿಸುತ್ತದೆ. ಆದರೆ ಆ ನಡೆಗೆ ಕಾರಣ ಆತುರವೋ, ಭಯವೋ, ಎದುರಾಳಿಯ ಬಗೆಗಿನ ತಾತ್ಸಾರವೋ ಎಂಬುದನ್ನು ಆಡಿದವನೇ ಹೇಳಬೇಕು. ಆದುದರಿಂದ ಮೊದಲು ಸ್ವಂತ ಬುದ್ಧಿ, ಅನಂತರ ಯಂತ್ರ. ಮೂರು ಬಾರಿ ವಿಶ್ವ ಪಟ್ಟವನ್ನು ಗೆದ್ದ ಸೋವಿಯತ್ ಆಟಗಾರ ಬೋಟ್ವಿನ್ನಿಕ್, ಆಟಗಾರನು ತನ್ನ ಆಟಗಳ ವಿಮರ್ಶೆಯನ್ನು ಪ್ರಕಟಿಸಿ ಇತರರ ಪರೀಕ್ಷೆಗೆ ಒಡ್ಡಬೇಕೆಂದು ಬೋಧಿಸಿದರು.

ಗೆದ್ದವನಿಗೂ ಈ ಕರ್ತವ್ಯ ತಪ್ಪಿದ್ದಲ್ಲ. ಗೆಲುವಿನ ಮರೆಯಲ್ಲಿ ಅಡಗಿದ ದೋಷವನ್ನು ಯಾರೂ ಹುಡುಕುವುದಿಲ್ಲ. ಅದು ಮುಂದಿನ ಸೋಲಿಗೆ ಬೀಜವಾಗುತ್ತದೆ. ಅದನ್ನು ತೋರಿಸಿಕೊಡಬಲ್ಲ ಮೊದಲ ಗುರು, ಎದುರಿಗೆ ಕುಳಿತ ಎದುರಾಳಿಯೇ.