ನೆರಳು ಅಳೆದು ಬಿಸಿಲಿಗೆ ಹೋಗಿ

ಏಪ್ರಿಲ್ 24ರ ಮಧ್ಯಾಹ್ನ, ಗಂಟೆ 12 ದಾಟಿ 17 ನಿಮಿಷದ ಆಸುಪಾಸಿಗೆ, ಬೆಂಗಳೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬಂದು ನಿಲ್ಲುವ ಈ ‘ಶೂನ್ಯ ನೆರಳಿನ ದಿನ’ ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ ಬರುತ್ತದೆ. ಶಾಲೆಗಳಲ್ಲಿ ಇದನ್ನು ಖಗೋಳದ ಪಾಠವಾಗಿ ತೋರಿಸುತ್ತಾರೆ. ಆದರೆ ನೆರಳಿನ ಉದ್ದ ಆರೋಗ್ಯದ ವಿಚಾರದಲ್ಲೂ ಒಳ್ಳೆಯ ಅಳತೆಗೋಲು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆ ಹೊತ್ತಿನ ಬಿಸಿಲು ಚರ್ಮದಲ್ಲಿ ವಿಟಮಿನ್ ಡಿ ತಯಾರಿಸಬಲ್ಲದು, ಅತಿಯಾದರೆ ಚರ್ಮವನ್ನು ಸುಡಲೂಬಲ್ಲದು. ನೆರಳು ನಿಮಗಿಂತ ಉದ್ದವಾಗಿದ್ದರೆ ಎರಡೂ ಬಹಳ ಕಡಿಮೆ.

‘ಬೆಳಗಿನ ಎಳೆ ಬಿಸಿಲು ಕಾಯಿಸಿಕೊಳ್ಳಿ, ವಿಟಮಿನ್ ಡಿ ಬರುತ್ತದೆ’ ಎಂದು ನೆರೆಹೊರೆಯವರಿಂದ ವಾಟ್ಸ್‌ಆ್ಯಪ್ ವೈದ್ಯರವರೆಗೆ ಎಲ್ಲರೂ ಹೇಳುತ್ತಾರೆ. ಈ ಸಲಹೆಯ ಮೊದಲರ್ಧವನ್ನು ಉಳಿಸಿಕೊಂಡು ಎರಡನೆಯರ್ಧವನ್ನು ಕೈಬಿಡಬೇಕು ಎನ್ನುವುದು ನನ್ನ ವಾದ. ಬಿಸಿಲು ಎಂದು ನಾವು ಕರೆಯುವುದರಲ್ಲಿ ಮೂರು ಬೇರೆ ಬೇರೆ ಸರಕುಗಳಿವೆ: ಕಣ್ಣಿಗೆ ಕಾಣುವ ಬೆಳಕು, ಮೈಗೆ ತಾಗುವ ಶಾಖ, ಕಣ್ಣಿಗೂ ಕಾಣದೆ ಮೈಗೂ ತಿಳಿಯದೆ ಕೆಲಸ ಮಾಡುವ ಅತಿನೇರಳೆ ಕಿರಣ. ಒಂದು ಹೆಚ್ಚಿದ್ದಾಗ ಇನ್ನೊಂದೂ ಹೆಚ್ಚಿರಬೇಕೆಂದಿಲ್ಲ. ಬಿಸಿಲಿನ ಬಗ್ಗೆ ನಮಗಿರುವ ಗೊಂದಲದ ಬಹುಪಾಲು ಈ ಮೂರನ್ನೂ ಒಂದೇ ಎಂದುಕೊಂಡದ್ದರಿಂದ ಹುಟ್ಟಿದ್ದು.

ಬೆಂಗಳೂರನ್ನೇ ನೋಡಿ. ಅದೂ ಮಂಗಳೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಮಂಗಳೂರಿನಲ್ಲಿ ಬೆವರು ಕಿತ್ತುಬರುವುದರಿಂದ ಜನ ತಾವಾಗಿಯೇ ನೆರಳು ಹುಡುಕುತ್ತಾರೆ. ಬೆಂಗಳೂರಿನಲ್ಲಿ ತಂಗಾಳಿ ಬೀಸುತ್ತಿದ್ದರೆ ಬಿಸಿಲೇ ಇಲ್ಲ ಎಂದುಕೊಂಡು ಹನ್ನೆರಡು ಗಂಟೆಗೂ ಮೈದಾನದಲ್ಲಿ ಕ್ರಿಕೆಟ್ ನಡೆಯುತ್ತದೆ. ಆದರೆ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಅತಿನೇರಳೆ ಶೇ 10ರಷ್ಟು ಹೆಚ್ಚುತ್ತದೆ; ಬೆಂಗಳೂರು ಇರುವುದು 900 ಮೀಟರಿಗೂ ಮೇಲೆ. ಆಕಾಶ ಎರಡೂ ಕಡೆ ಒಂದೇ ತೆರನಾಗಿ ತಿಳಿಯಾಗಿದ್ದರೆ ತಂಪಾದ ಊರಿನಲ್ಲೇ ಚರ್ಮಕ್ಕೆ ಪೆಟ್ಟು ಜಾಸ್ತಿ. ತೆಳು ಮೋಡವನ್ನೂ ನಂಬುವ ಹಾಗಿಲ್ಲ, ಅತಿನೇರಳೆಯ ಬಹುಪಾಲು ಅದನ್ನು ತೂರಿಕೊಂಡು ಬರುತ್ತದೆ. ಹವಾಮಾನದ ಆ್ಯಪ್‌ಗಳಲ್ಲಿ ಉಷ್ಣಾಂಶದ ಪಕ್ಕ ‘ಯುವಿ ಸೂಚ್ಯಂಕ’ ಎಂಬ ಒಂದು ಸಂಖ್ಯೆ ಇರುತ್ತದೆ. ಅದು 3 ಮುಟ್ಟಿದರೆ ರಕ್ಷಣೆ ಬೇಕು, 11 ಮುಟ್ಟಿದರೆ ವಿಪರೀತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಮ್ಮ ಬೇಸಿಗೆಯ ನಡುಹಗಲಲ್ಲಿ 11 ದಾಟುವುದು ಮಾಮೂಲು.

ಈ ಅತಿನೇರಳೆಯಲ್ಲೂ ಎರಡು ಬಗೆ ನೆಲ ತಲುಪುತ್ತವೆ. ಶೇ 95ರಷ್ಟು ಯುವಿ-ಎ. ಉಳಿದ ಚೂರು ಯುವಿ-ಬಿ. ವಿಟಮಿನ್ ಡಿ ಮಾಡುವುದು ಆ ಚೂರು. ಅದನ್ನು ವಾತಾವರಣದ ಮೇಲಿನ ಓಜೋನ್ ಹೀರಿಕೊಳ್ಳುತ್ತದೆ. ಬೆಳಿಗ್ಗೆ, ಸಂಜೆ ಕಿರಣಗಳು ಓರೆಯಾಗಿ ಬರುವಾಗ ಓಜೋನಿನೊಳಗೆ ಹೆಚ್ಚು ದೂರ ಸಾಗಬೇಕು, ಹಾಗಾಗಿ ಯುವಿ-ಬಿ ದಾರಿಯಲ್ಲೇ ಮುಗಿದುಹೋಗುತ್ತದೆ. ಸೂರ್ಯ ಮೇಲೇರಿದಷ್ಟೂ ದಾರಿ ಹತ್ತಿರ. ನೆರಳಿನ ಲೆಕ್ಕ ನಿಂತಿರುವುದು ಇದರ ಮೇಲೆ.

ತಿರುಪತಿಯ ಶ್ರೀ ವೆಂಕಟೇಶ್ವರ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ಹರಿನಾರಾಯಣ್ ಮತ್ತು ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು. ವಿಟಮಿನ್ ಡಿಗೆ ಮೂಲವಾದ, ನಮ್ಮ ಚರ್ಮದಲ್ಲೇ ಇರುವ ಕೊಲೆಸ್ಟ್ರಾಲ್ ಜಾತಿಯ ವಸ್ತುವನ್ನು ಸಣ್ಣ ಆಂಪೂಲ್‌ಗಳಲ್ಲಿ ತುಂಬಿ ಬೇರೆ ಬೇರೆ ಹೊತ್ತಿನ ಬಿಸಿಲಿಗಿಟ್ಟು, ಎಷ್ಟು ಮಾರ್ಪಾಟಾಯಿತು ಎಂದು ಅಳೆದರು. ವರ್ಷವಿಡೀ ಹೆಚ್ಚು ಫಲ ಸಿಕ್ಕಿದ್ದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ. ತಿರುಪತಿಯ ಅಕ್ಷಾಂಶ 13 ಡಿಗ್ರಿ ಚಿಲ್ಲರೆ, ಬೆಂಗಳೂರಿನದು 13ಕ್ಕೆ ಕೂದಲೆಳೆ ಕಡಿಮೆ. ಅಲ್ಲಿನ ಫಲಿತಾಂಶ ಇಲ್ಲಿಗೂ ಸಲ್ಲುತ್ತದೆ. ಏಳು ಗಂಟೆಗೆ ಪಾರ್ಕಿನಲ್ಲಿ ನಡೆದು ಬರುವ ಹಿರಿಯರ ರಕ್ತಪರೀಕ್ಷೆಯಲ್ಲಿ ಡಿ ಕೊರತೆ ಕಾಣಿಸಿಕೊಂಡರೆ ಅಚ್ಚರಿಪಡಬೇಕಾಗಿಲ್ಲ.

ಚರ್ಮದಲ್ಲಿ ಹುಟ್ಟಿದ ಡಿ ಅಲ್ಲಿಗೇ ನಿಲ್ಲುವುದಿಲ್ಲ. ರಕ್ತಕ್ಕೆ ಸೇರಿ, ಪಿತ್ತಜನಕಾಂಗದಲ್ಲೊಮ್ಮೆ, ಮೂತ್ರಪಿಂಡದಲ್ಲೊಮ್ಮೆ ರೂಪ ಬದಲಿಸಿಕೊಂಡು, ಕರುಳು ಕ್ಯಾಲ್ಸಿಯಂ ಹೀರುವಂತೆ ಮಾಡುತ್ತದೆ. ಮೊದಲ ಮಹಾಯುದ್ಧದ ಹಸಿವಿನಿಂದ ಬಳಲಿದ್ದ ಬರ್ಲಿನ್ನಿನಲ್ಲಿ, 1919ರಲ್ಲಿ, ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ಮಕ್ಕಳ ವೈದ್ಯ ರಿಕೆಟ್ಸ್‌ನಿಂದ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾದ ಮಕ್ಕಳನ್ನು ಪಾದರಸದ ದೀಪದ ಅತಿನೇರಳೆ ಬೆಳಕಿನಡಿ ಕೂರಿಸಿ ಗುಣಪಡಿಸಿದ. ಒಂದು ತೋಳಿಗಷ್ಟೇ ಬೆಳಕು ಬಿಟ್ಟಾಗ ಇನ್ನೊಂದು ತೋಳಿನ ಮೂಳೆಯೂ ಗಟ್ಟಿಯಾಯಿತು. ಚರ್ಮದಲ್ಲಿ ಹುಟ್ಟಿದ ಏನೋ ಒಂದು ರಕ್ತದಲ್ಲಿ ಹರಿದಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಚಂದದ ಪುರಾವೆ ಬೇಕೇ?

ಈಗ ಇನ್ನೊಂದು ಮಗ್ಗುಲು. ಇದೇ ಯುವಿ-ಬಿ ಚರ್ಮದ ಕೋಶದ ಡಿಎನ್‌ಎಯಲ್ಲಿ ಪಕ್ಕಪಕ್ಕದ ಎರಡು ಅಕ್ಷರಗಳನ್ನು ಅಂಟಿಸಿಬಿಡುತ್ತದೆ. ಕೋಶ ಆ ಭಾಗವನ್ನು ಕತ್ತರಿಸಿ ತೆಗೆದು ಹೊಸದಾಗಿ ಜೋಡಿಸಿಕೊಳ್ಳುತ್ತದೆ. ಈ ದುರಸ್ತಿ ಹೇಗೆ ನಡೆಯುತ್ತದೆಂದು ಬಿಡಿಸಿಟ್ಟ ಅಜೀಜ್ ಸಂಜಾರ್‌ಗೆ 2015ರ ರಸಾಯನವಿಜ್ಞಾನದ ನೊಬೆಲ್‌ನಲ್ಲಿ ಪಾಲು ದೊರಕಿತು. ದುರಸ್ತಿಯಲ್ಲಿ ಉಳಿದುಹೋದ ತಪ್ಪುಗಳು ವರ್ಷಗಳ ಕಾಲ ಗುಡ್ಡೆಬಿದ್ದು ಕೊನೆಗೆ ಕ್ಯಾನ್ಸರ್ ಆಗಬಹುದು. ಯುವಿ-ಎ ಇನ್ನೂ ಆಳಕ್ಕಿಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಳೆಗಳನ್ನು ಹಾಳುಮಾಡುತ್ತದೆ. ಯುವಿ-ಬಿಯನ್ನು ಗಾಜು ತಡೆಯುತ್ತದೆ, ಯುವಿ-ಎಯನ್ನು ಸಾದಾ ಗಾಜು ಬಿಟ್ಟುಕೊಡುತ್ತದೆ. ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದ 69ರ ಒಬ್ಬರ ಚಿತ್ರ 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕಿಟಕಿಯ ಕಡೆಗಿದ್ದ ಎಡ ಕೆನ್ನೆ ನೂರು ಸುಕ್ಕುಗಳಲ್ಲಿ ಜೋತುಬಿದ್ದಿತ್ತು. ಬಲ ಕೆನ್ನೆ ಹತ್ತಿಪ್ಪತ್ತು ವರ್ಷ ಚಿಕ್ಕವರದ್ದೆಂಬಂತಿತ್ತು. ನಮ್ಮ ಲಾರಿ, ಬಸ್ಸಿನ ಚಾಲಕರು ಬಲಕ್ಕೆ ಕೂರುವುದರಿಂದ ನೋಡಬೇಕಾದದ್ದು ಬಲ ಕೆನ್ನೆ, ಬಲ ಮೊಣಕೈ. ಅಪಾರ್ಟ್‌ಮೆಂಟಿನ ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಕುಳಿತು ಬಿಸಿಲು ಕಾಯಿಸುವವರಿಗೆ ಸುಕ್ಕು ಸಿಗುತ್ತದೆ, ಡಿ ಸಿಗುವುದಿಲ್ಲ.

ಹಾಗಾದರೆ ತಲೆತಲಾಂತರದಿಂದ ಗದ್ದೆಯಲ್ಲಿ ಬಿಸಿಲುಂಡ ನಮ್ಮವರಿಗೆಲ್ಲ ಚರ್ಮದ ಕ್ಯಾನ್ಸರ್ ಬರಬೇಕಿತ್ತಲ್ಲ? ಬರಲಿಲ್ಲ, ಕಾರಣ ಕಪ್ಪು ಬಣ್ಣ. ಚರ್ಮದ ಕೋಶದೊಳಗೆ ಮೆಲನಿನ್ ಕಣಗಳು ಡಿಎನ್‌ಎ ಇರುವ ಕೇಂದ್ರದ ಮೇಲ್ಬದಿಗೇ ಸೇರಿ ಕೊಡೆ ಹಿಡಿದಂತೆ ನಿಲ್ಲುತ್ತವೆ. ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಬಿಳಿಯರ ವಂಶಜರಿಗೆ ಈ ಕೊಡೆ ಇಲ್ಲ. ಅಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಪತ್ತೆಯಾಗುತ್ತದೆ. ಅವರ ಭಯವನ್ನು ಹಾಗೆಹಾಗೇ ಆಮದು ಮಾಡಿಕೊಂಡು ನಮ್ಮ ಮಕ್ಕಳನ್ನು ಮನೆಯೊಳಗೆ ಕೂಡಿಹಾಕುವುದರಲ್ಲಿ ಅರ್ಥವಿಲ್ಲ. ಆದರೆ ಆ ಕೊಡೆಗೆ ಬೆಲೆಯೂ ಉಂಟು: ಯುವಿ-ಬಿಯನ್ನೂ ಅದು ತಡೆಯುವುದರಿಂದ, ಬಿಳಿ ಚರ್ಮಕ್ಕೆ ಬೇಕಾಗುವುದಕ್ಕಿಂತ ಕೆಲವು ಪಟ್ಟು ಹೆಚ್ಚು ಹೊತ್ತು ನಾವು ಬಿಸಿಲಿನಲ್ಲಿರಬೇಕು. ತಡೆ ಪೂರ್ತಿಯೂ ಅಲ್ಲ. ಹುಟ್ಟಿನಿಂದಲೇ ಮೆಲನಿನ್ ಇಲ್ಲದವರು ಮೈಯನ್ನು, ತೊನ್ನಿನ ಕಲೆಯಿರುವವರು ಆ ಜಾಗಗಳನ್ನು ಬಿಸಿಲಿಗೆ ಒಡ್ಡಬಾರದು. ತೊನ್ನಿಗೆ ವೈದ್ಯರೇ ಅಳೆದು ಕೊಡುವ ಬೆಳಕಿನ ಚಿಕಿತ್ಸೆಯ ಮಾತು ಬೇರೆ. ಇನ್ನು ಕಪ್ಪು ಚರ್ಮದವರಿಗೆ ಬರುವ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಶುರುವಾಗುತ್ತದೆ. ಅದಕ್ಕೂ ಬಿಸಿಲಿಗೂ ಸಂಬಂಧ ಕಡಿಮೆ. ಜಮೈಕಾದ ಗಾಯಕ ಬಾಬ್ ಮಾರ್ಲಿ 36ನೇ ವಯಸ್ಸಿಗೆ ತೀರಿಕೊಂಡದ್ದು ಕಾಲ್ಬೆರಳಿನಿಂದ ಹಬ್ಬಿದ ಇಂಥದೇ ಮೆಲನೋಮದಿಂದ. ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆಯನ್ನು ‘ಎಲ್ಲೋ ತಾಗಿರಬೇಕು’ ಎಂದು ಬಿಡಬೇಡಿ.

ನಮ್ಮಲ್ಲಿ ಬಿಸಿಲಿನಿಂದ ನಿಜಕ್ಕೂ ಹೆಚ್ಚು ಕೆಡುವುದು ಕಣ್ಣು ಎಂದರೆ ಬಹಳ ಜನ ಒಪ್ಪುವುದಿಲ್ಲ. ಹೊಲ, ಕಡಲು, ರಸ್ತೆ ಕಾಮಗಾರಿಯಲ್ಲಿ ದುಡಿಯುವವರ ಬಿಳಿಗುಡ್ಡೆಯ ಮೇಲೆ ಮೂಗಿನ ಕಡೆಯಿಂದ ಕರಿಗುಡ್ಡೆಯತ್ತ ಬೆಳೆಯುವ ಮಾಂಸದ ಪದರ ಅತಿನೇರಳೆಯ ಕೈವಾಡ. ಪೊರೆ ಬೇಗ ಬರುವುದರಲ್ಲೂ ಅದರ ಪಾಲಿದೆ. ಅಗಲ ಅಂಚಿನ ಟೋಪಿ, ತಲೆಗೆ ಸುತ್ತಿದ ಟವೆಲ್‌ಗಿಂತ ಕಣ್ಣನ್ನು ಚೆನ್ನಾಗಿ ಕಾಯುತ್ತದೆ.

ಮುಖದ ಬಂಗು ಇನ್ನೊಂದು ತಲೆನೋವು. ಕಂದು ಚರ್ಮದಲ್ಲಿ ಅದನ್ನು ಕಾಣುವ ಬೆಳಕೂ ಹೆಚ್ಚಿಸುವುದರಿಂದ ಸಾದಾ ಸನ್‌ಸ್ಕ್ರೀನ್ ಸಾಲದು. ಕಬ್ಬಿಣದ ಆಕ್ಸೈಡ್ ಬೆರೆಸಿದ, ಮೈಬಣ್ಣದ ಸನ್‌ಸ್ಕ್ರೀನ್ ಬೇಕು. ಬಂಗು ಹೋಗಲೆಂದು ಔಷಧದಂಗಡಿಯಿಂದ ಚೀಟಿಯಿಲ್ಲದೆ ತಂದು ಹಚ್ಚುವ ಸ್ಟಿರಾಯ್ಡ್ ಕ್ರೀಮು ಮೊದಲ ವಾರ ಬೆಳ್ಳಗೆ ಕಾಣಿಸಿ, ಆಮೇಲೆ ಚರ್ಮವನ್ನು ತೆಳುಮಾಡಿ, ಬಿಸಿಲು ತಾಗಿದರೆ ಉರಿಯುವ ಸ್ಥಿತಿಗೆ ತರುತ್ತದೆ. ಬಿಸಿಲಿಗಿಂತ ಈ ಕ್ರೀಮುಗಳೇ ಮುಖ ಕೆಡಿಸಿದ್ದು ಹೆಚ್ಚು ಎಂದು ನನಗನ್ನಿಸುತ್ತದೆ.

ಸನ್‌ಸ್ಕ್ರೀನಿನ ಮೇಲೆ ಬರೆದಿರುವ ಎಸ್‌ಪಿಎಫ್ ಯುವಿ-ಬಿಗೆ ಮಾತ್ರ ಸಂಬಂಧಪಟ್ಟದ್ದು. 30 ಎಂದಿದ್ದರೆ ಶೇ 97, 50 ಎಂದಿದ್ದರೆ ಶೇ 98ರಷ್ಟು ತಡೆಯುತ್ತದೆ. ವ್ಯತ್ಯಾಸ ಇಷ್ಟೇ, ಬೆಲೆಯಲ್ಲಿ ಮಾತ್ರ ಅಲ್ಲ. ಯುವಿ-ಎಗೆ ‘ಪಿಎ’ಯ ಮುಂದಿನ ಪ್ಲಸ್ ಗುರುತುಗಳನ್ನು ಎಣಿಸಿ. ಕಂಪನಿಯವರು ಅಳೆಯುವಾಗ ದಪ್ಪಗೆ ಹಚ್ಚುತ್ತಾರೆ. ನಾವು ಅದರ ಕಾಲು ಭಾಗ ಸವರಿ ಮುಗಿಸುತ್ತೇವೆ. ಮುಖ, ಕತ್ತಿಗೆ ಎರಡು ಬೆರಳುದ್ದದಷ್ಟು ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಆಸ್ಟ್ರೇಲಿಯಾದ ನಾಂಬೌರ್ ಪಟ್ಟಣದಲ್ಲಿ 1992ರಿಂದ 1996ರವರೆಗೆ 1,621 ಜನರ ಮೇಲೆ ನಡೆದ ಪ್ರಯೋಗದಲ್ಲಿ ದಿನಾ ಹಚ್ಚಿದವರಿಗೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಶೇ 40ರಷ್ಟು ಕಡಿಮೆಯಾಯಿತು. ಬಿಳಿ ಚರ್ಮದವರ ಊರಿನ ಲೆಕ್ಕ ಇದು ಎಂಬುದು ನೆನಪಿರಲಿ. ನಮ್ಮಲ್ಲಿ ದಿನವಿಡೀ ಬೈಕಿನಲ್ಲಿ ಊಟ ತಲುಪಿಸುವವರಿಗೆ, ಬಂಗು ಇರುವವರಿಗೆ ಸನ್‌ಸ್ಕ್ರೀನ್ ಬೇಕು; ಮಿಕ್ಕವರಿಗೆ ಕೊಡೆ, ಉದ್ದ ತೋಳಿನ ಹತ್ತಿಬಟ್ಟೆ ಬಹುಮಟ್ಟಿಗೆ ಸಾಕು.

ಎಳೆ ಬಿಸಿಲಿನ ಮಾತಿಗೆ ಬರೋಣ. ಅದರಲ್ಲಿ ಡಿ ಇಲ್ಲ, ಬೆಳಕಿದೆ, ಮತ್ತು ಬೆಳಕು ಕಣ್ಣಿನ ಮೂಲಕ ಮಾಡುವ ಉಪಕಾರ ಸಣ್ಣದಲ್ಲ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೆದುಳಿನ ಗಡಿಯಾರ ಸರಿಹೊಂದಿ ರಾತ್ರಿ ನಿದ್ದೆ ಹೊತ್ತಿಗೆ ಬರುತ್ತದೆ. ಚೀನಾದ ಗ್ವಾಂಗ್‌ಝೌನಲ್ಲಿ ಶಾಲೆಯಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟ ಮಕ್ಕಳಲ್ಲಿ ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ಬಂದದ್ದು ಶೇ 30ರಷ್ಟು ಮಂದಿಗೆ. ಹಾಗೆ ಬಿಡದವರಲ್ಲಿ ಶೇ 40ರ ಹತ್ತಿರ. ಇದಕ್ಕೆ ಮರದ ನೆರಳೂ ಆಗುತ್ತದೆ. ಬಾಣಂತಿಯ ಮನೆಯಲ್ಲಿ ಕಾಮಾಲೆಯ ಕೂಸನ್ನು ಬಿಸಿಲಿಗೆ ಹಿಡಿಯುವುದರಲ್ಲೂ ತಥ್ಯವಿದೆ: 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ನರ್ಸ್ ಜೀನ್ ವಾರ್ಡ್, ಬಿಸಿಲು ಬಿದ್ದ ಕಡೆ ಮಗುವಿನ ಹಳದಿ ಮಾಸಿದ್ದನ್ನು ವೈದ್ಯರಿಗೆ ತೋರಿಸಿದಳು. ನೀಲಿ ಬೆಳಕಿನ ಚಿಕಿತ್ಸೆ ಹುಟ್ಟಿದ್ದು ಅಲ್ಲಿಂದ. ಆದರೆ ಹಳದಿ ಜಾಸ್ತಿಯಿದ್ದರೆ ಅಂಗಳದ ಬಿಸಿಲನ್ನು ನಂಬಿ ಕೂರಬಾರದು. ಅಳೆದು ಕೊಡುವ ಬೆಳಕು ಆಸ್ಪತ್ರೆಯಲ್ಲಿದೆ, ತಡಮಾಡಿದರೆ ಮಗುವಿನ ಮೆದುಳಿಗೇ ಪೆಟ್ಟು.

ಡಿ ಬೇಕೆಂದರೆ ವಾರಕ್ಕೆ ಮೂರ್ನಾಲ್ಕು ದಿನ, 11ರ ಮೇಲೆ, ಕೈ ಕಾಲು ತೆರೆದು ಇಪ್ಪತ್ತು ಮೂವತ್ತು ನಿಮಿಷ. ಮುಖಕ್ಕೆ ಟೋಪಿ ಇರಲಿ. ಚರ್ಮ ಚುರುಗುಟ್ಟಿದರೆ ಒಳಗೆ ಬನ್ನಿ, ಹೆಚ್ಚು ಹೊತ್ತು ನಿಂತರೆ ಹೆಚ್ಚು ಡಿ ಬರುವುದಿಲ್ಲ. ಮಿತಿ ಮೀರಿದ್ದನ್ನು ಆ ಬಿಸಿಲೇ ನಿರುಪಯುಕ್ತ ವಸ್ತುಗಳಾಗಿ ಮಾರ್ಪಡಿಸುತ್ತದೆ. ಬಿಸಿಲಿನಿಂದ ವಿಟಮಿನ್ ಡಿ ವಿಷವಾಗದಿರುವುದು ಹೀಗೆ. ಮಾತ್ರೆ, ಪುಡಿಗಳಿಗೆ ಈ ಕಡಿವಾಣವಿಲ್ಲ. ಹಾಸಿಗೆ ಹಿಡಿದ ಹಿರಿಯರು, ಮೈಮುಚ್ಚಿ ಹೊರಹೋಗುವ ಮಹಿಳೆಯರು, ಎದೆಹಾಲು ಮಾತ್ರ ಕುಡಿಯುವ ಕೂಸುಗಳು, ರಾತ್ರಿಪಾಳಿಯವರು ವೈದ್ಯರನ್ನು ಕೇಳಿ ಡಿ ತೆಗೆದುಕೊಳ್ಳಲೇಬೇಕು. ಕೊರತೆ ಇಲ್ಲದವರಿಗೆ ಅದು ಸಂಜೀವಿನಿಯಲ್ಲ: ಅಮೆರಿಕದಲ್ಲಿ 25,871 ಮಂದಿಯ ಮೇಲಿನ ಪ್ರಯೋಗದಲ್ಲಿ ದಿನಕ್ಕೆ 2,000 ಯೂನಿಟ್ ನುಂಗಿದವರಿಗೆ ಕ್ಯಾನ್ಸರ್ ಆಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ. ವೈದ್ಯರು ವಾರಕ್ಕೊಂದು ಎಂದು ಬರೆದುಕೊಟ್ಟ 60,000 ಯೂನಿಟ್ಟಿನ ಪುಡಿಯನ್ನು ದಿನಕ್ಕೊಂದರಂತೆ ತಿಂಗಳುಗಟ್ಟಲೆ ಹಾಲಿಗೆ ಕಲಸಿ ಕುಡಿದವರು ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಮಾಡಿಕೊಂಡು, ಮೂತ್ರಪಿಂಡ ಕೆಡಿಸಿಕೊಂಡು ಆಸ್ಪತ್ರೆ ಸೇರುವುದುಂಟು. ಮನೆಯಲ್ಲಿ ಅಂಥ ಪುಡಿಯ ಪೊಟ್ಟಣ ಇದ್ದರೆ ಚೀಟಿಯನ್ನು ಇನ್ನೊಮ್ಮೆ ಓದಿ, ಎಷ್ಟು ವಾರಕ್ಕೆ ನಿಲ್ಲಿಸಬೇಕೆಂದೂ ಕೇಳಿಕೊಳ್ಳಿ.